ದ್ರವ್ಯ-ಪ್ರತಿದ್ರವ್ಯದ ವ್ಯತ್ಯಾಸ ಅಳೆಯಲು ಎಲ್‌ಎಚ್‌ಸಿಬಿಯೋ, ಬೆಲ್ 2 ಪ್ರಯೋಗವೋ?

ಒಂದು ಕಣವೂ ಅದರ ವಿರುದ್ಧ ಗುಣದ ಅವಳಿಯಾದ ಪ್ರತಿಕಣವೂ ಒಡೆಯುವ ರೀತಿಯಲ್ಲಿ ಸಣ್ಣ ವ್ಯತ್ಯಾಸವಿರಬಹುದು. ಅದನ್ನು ಅಳೆಯುವ ಸಂಶೋಧನೆಗೆ ಇಳಿಯುವವರ ಮುಂದೆ ಈಗ ಎರಡು ದೊಡ್ಡ ಪ್ರಯೋಗಗಳಿವೆ: ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಎಲ್‌ಎಚ್‌ಸಿಬಿ, ಜಪಾನಿನ ತ್ಸುಕುಬಾದಲ್ಲಿ ಬೆಲ್ 2. ಯಾವ ಕಣದ ಬೆನ್ನು ಹತ್ತುತ್ತೀರಿ ಅನ್ನೋದನ್ನು ಮೊದಲು ತೀರ್ಮಾನಿಸಿ.

ರಾಶಿಗಟ್ಟಲೆ ಕಣಗಳು ಬೇಕಾದರೆ ಎಲ್‌ಎಚ್‌ಸಿಬಿ. ಪ್ರೋಟಾನ್‌ಗಳ ಡಿಕ್ಕಿಯಲ್ಲಿ ಬಿ ಮೆಸಾನ್‌ಗಳ (ಬಾಟಮ್ ಎಂಬ ಭಾರದ ಕ್ವಾರ್ಕ್ ಮತ್ತು ಒಂದು ಪ್ರತಿಕ್ವಾರ್ಕ್ ಸೇರಿದ ಕಣ, ಅಥವಾ ಅದರ ಪ್ರತಿರೂಪ) ಜೊತೆ ಭಾರದ ಬೇರಿಯಾನ್‌ಗಳೂ (ಪ್ರೋಟಾನ್‌ನಂತೆ ಮೂರು ಕ್ವಾರ್ಕ್‌ಗಳ ಕಣ) ಸಿಗುತ್ತವೆ. 2019ರಲ್ಲಿ ಚಾರ್ಮ್ ಎಂಬ ಕ್ವಾರ್ಕ್ ಇರುವ ಕಣಗಳಲ್ಲಿ, 2025ರಲ್ಲಿ ಬೇರಿಯಾನ್‌ನಲ್ಲಿ ಈ ವ್ಯತ್ಯಾಸ ಮೊದಲು ಖಚಿತವಾದದ್ದು ಇಲ್ಲೇ. ಬೇರಿಯಾನ್‌ನಲ್ಲಿ ಕಂಡದ್ದು ಸುಮಾರು 2.5%.

ತೊಡಕೂ ಇದೆ. ಡಿಕ್ಕಿಯ ಎರಡೂ ಕಡೆ ದ್ರವ್ಯವೇ ಅಲ್ವಾ? ಹಾಗಾಗಿ ಕಣ, ಪ್ರತಿಕಣ ಸರಿಸಮವಾಗಿ ಹುಟ್ಟುವುದಿಲ್ಲ. ಡಿಟೆಕ್ಟರ್ ಕೂಡ ದ್ರವ್ಯದ್ದೇ. ಅದರೊಳಗೆ ಕೆ-ಪ್ಲಸ್‌ಗಿಂತ (ಧನ ವಿದ್ಯುದಂಶದ ಕೇಯಾನ್ ಕಣ) ಅದರ ಪ್ರತಿಕಣ ಕೆ-ಮೈನಸ್ ಜಾಸ್ತಿ ನಷ್ಟವಾಗುತ್ತದೆ. ಈ ಸುಳ್ಳು ವ್ಯತ್ಯಾಸಗಳನ್ನು ಗೊತ್ತಿರುವ ಬೇರೆ ಕ್ಷಯಗಳಿಂದ (ಕಣ ಒಡೆಯುವ ಬಗೆಗಳಿಂದ) ಅಳೆದು ಕಳೆಯಬೇಕು. ಎಡ-ಬಲದ ಏರುಪೇರು ಹೋಗಲಿ ಅಂತ ಆಯಸ್ಕಾಂತದ ದಿಕ್ಕನ್ನೇ ಆಗಾಗ ತಿರುಗಿಸುತ್ತಾರೆ. ಇಡೀ ಕೆಲಸದ ಸೊಗಸು ಇರುವುದೇ ಇಲ್ಲಿ ಅನ್ನೋದು ನನ್ನ ಅಭಿಪ್ರಾಯ.

ಬೆಲ್ 2 ಪ್ರಯೋಗದಲ್ಲಿ 7 ಜಿಇವಿ (ಕಣಗಳ ಶಕ್ತಿಯ ಮಾನ) ಎಲೆಕ್ಟ್ರಾನ್, 4 ಜಿಇವಿ ಪಾಸಿಟ್ರಾನ್ (ಎಲೆಕ್ಟ್ರಾನಿನ ಪ್ರತಿಕಣ) ಡಿಕ್ಕಿಯಾಗುತ್ತವೆ. ಬಿ ಮತ್ತು ಪ್ರತಿ-ಬಿ ಮೆಸಾನ್‌ಗಳ ಜೋಡಿ ಹುಟ್ಟಿದರೆ ಜೊತೆಗೆ ಬೇರೆ ಕಣಗಳ ಗದ್ದಲವಿಲ್ಲ. ಜೋಡಿಯಲ್ಲಿ ಒಂದು ಒಡೆದ ರೀತಿ ನೋಡಿದರೆ, ಆ ಕ್ಷಣ ಇನ್ನೊಂದು ಬಿ ಆಗಿತ್ತೋ ಪ್ರತಿ-ಬಿ ಆಗಿತ್ತೋ ತಿಳಿಯುತ್ತದೆ. ಈ ಗುರುತು ಹಚ್ಚುವಿಕೆಯಲ್ಲಿ ಎಲ್‌ಎಚ್‌ಸಿಬಿ ತುಂಬಾ ಹಿಂದೆ.

ಕ್ಷಯದಲ್ಲಿ ಫೋಟಾನ್, ವಿದ್ಯುದಂಶವಿಲ್ಲದ ಪಯಾನ್ (ತುಂಬಾ ಹಗುರ ಮೆಸಾನ್) ಅಥವಾ ನ್ಯೂಟ್ರಿನೋ ಇದ್ದರೆ ಯೋಚಿಸಬೇಡಿ, ಬೆಲ್ 2. ಸ್ಟ್ರೇಂಜ್ ಕ್ವಾರ್ಕ್ ಇರುವ ಬಿ ಮೆಸಾನ್ ಅಥವಾ ಬೇರಿಯಾನ್ ಆದರೆ ಎಲ್‌ಎಚ್‌ಸಿಬಿ.