ರೆಡ್ ಡೆಡ್ ರಿಡೆಂಪ್ಷನ್ 2: ಒಬ್ಬರೇ ಆಡೋದಾದ್ರೆ ಬಾಡಿಗೆಗೆ ಸಾಕಾ, ಕೊಂಡ್ಕೋಬೇಕಾ?

ಈ ಗೇಮನ್ನ ನಾನು ಎರಡು ಸಲ ಮನೆಗೆ ತಂದಿದೀನಿ, ಮೊದಲ್ನೇ ಸಲ ಒಂದು ವಾರದ ಬಾಡಿಗೆಗೆ, ಎರಡನೇ ಸಲ ಪೂರ್ತಿ ದುಡ್ಡು ಕೊಟ್ಟು. ನಾನು ಆನ್‌ಲೈನ್ ಆಡಲ್ಲ, ರಾತ್ರಿ ಊಟ ಆದ್ಮೇಲೆ ಒಬ್ಬನೇ ಕೂತು ಕಥೆ ಆಡೋನು, ಅಂಥೋರಿಗೇ ಈ ರಿವ್ಯೂ.

ಬಾಡಿಗೆಗೆ ತಂದಾಗ ಏನಾಯ್ತು ಅಂದ್ರೆ, ಪಿಎಸ್4 (ಟೀವಿಗೆ ಹಾಕಿ ಆಡೋ ಪ್ಲೇಸ್ಟೇಷನ್ 4 ಕನ್ಸೋಲ್) ಗೇಮ್ ಡಬ್ಬದಲ್ಲಿ ಎರಡು ಡಿಸ್ಕ್ ಇರುತ್ತೆ, ಒಂದು ಡೇಟಾ ಡಿಸ್ಕ್ ಇನ್‌ಸ್ಟಾಲ್ ಮಾಡೋಕೆ, ಇನ್ನೊಂದು ಪ್ಲೇ ಡಿಸ್ಕ್ ಆಡೋಕೆ. ನೂರು ಜಿಬಿಗೂ ಮೇಲೆ ಜಾಗ ಕೇಳ್ತು, ಹಳೇ ಗೇಮ್ ಎರಡು ಅಳಿಸ್ದೆ, ಡೇಟಾ ಡಿಸ್ಕ್ ಹಿಂದೆ ನೋಡಿದ್ರೆ ಉದ್ದಕ್ಕೆ ಗೀರು, ಅರ್ಧದಲ್ಲಿ ನಿಂತೇ ಹೋಯ್ತು, ಮೆತ್ತನೆ ಬಟ್ಟೇಲಿ ಒರೆಸಿ ಮತ್ತೆ ಮೊದಲಿಂದ ಹಾಕ್ದೆ, ಅದಾದ್ಮೇಲೆ ಅಪ್‌ಡೇಟ್. ಮೊದಲ್ನೇ ರಾತ್ರಿ ಹಂಗೇ ಹೋಯ್ತು, ಆದ್ರೆ ಅಂಗಡಿಯವರ ಲೆಕ್ಕದಲ್ಲಿ ಒಂದು ದಿನ ಮುಗೀತು. ಬಾಡಿಗೆಗೆ ತರೋರು ಡಿಸ್ಕನ್ನ ಅಲ್ಲೇ ಬೆಳಕಿಗೆ ಹಿಡಿದು ನೋಡಿ ತನ್ನಿ.

ಇನ್ನು ಲೆಕ್ಕ ನೋಡಿ. ಬರೀ ಕಥೆ ಮುಗಿಸೋಕೇ 50 ಗಂಟೆ ಹತ್ರ ಬೇಕು. ದಿನಕ್ಕೆ ಎರಡು ಗಂಟೆ ಆಡೋನಿಗೆ ವಾರಕ್ಕೆ ಸಿಗೋದು 14 ಗಂಟೆ. ಬಾಡಿಗೆ ಓಡೋದು ದಿನದ ಮೇಲೆ, ಗೇಮ್ ಓಡೋದು ಗಂಟೆ ಮೇಲೆ, ಕೆಲಸಕ್ಕೆ ಹೋಗೋರಿಗೆ ಇವೆರಡೂ ಯಾವತ್ತೂ ತಾಳೆ ಆಗಲ್ಲ. ಶುರುವಿನ ಹಿಮದ ಚಾಪ್ಟರ್ ದಾಟಿ ಕೆಳಗೆ ಇಳಿಯೋಕೇ ನನಗೆ ಮೂರು ಗಂಟೆ ಹಿಡೀತು, ನಿಜವಾದ ಗೇಮ್ ಶುರುವಾಗೋದೇ ಅಲ್ಲಿಂದ. ಪಿಸಿಯಲ್ಲಿ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಿಂದ ತಗೊಳ್ಳೋರೂ ಇದನ್ನ ಗಮನಿಸಿ, ಅವರ ರೀಫಂಡ್ ನಿಯಮ 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿರ್ಬೇಕು ಅಂತ, ಅಂದ್ರೆ ಇಷ್ಟ ಆಯ್ತಾ ಇಲ್ವಾ ಅಂತ ಗೊತ್ತಾಗೋ ಹೊತ್ತಿಗೆ ಆ ಗಡುವು ಮುಗಿದಿರುತ್ತೆ.

ದುಡ್ಡಿಗಿಂತ ನನಗೆ ಬೇಜಾರಾಗಿದ್ದು ಬೇರೆ. ಈ ಗೇಮ್ ಬೇಕೂಂತಲೇ ನಿಧಾನ ಮಾಡಿರೋದು. 1899ರ ಕಾಲದ ಕಥೆ, ಆರ್ಥರ್ ಮಾರ್ಗನ್ ಅನ್ನೋ ದರೋಡೆಕೋರ, ಅವನ ಗಡ್ಡ ಬೆಳೆಯುತ್ತೆ, ಬಂದೂಕು ಗಲೀಜಾಗುತ್ತೆ, ಎಣ್ಣೆ ಹಾಕಿ ಒರೆಸ್ಬೇಕು, ಕುದುರೆ ಮೈ ಉಜ್ಜಿ ಮೇವು ಕೊಟ್ಟಷ್ಟೂ ಅದು ನಮಗೆ ಒಗ್ಗುತ್ತೆ. ಅವನ ಗ್ಯಾಂಗಿನ ಕ್ಯಾಂಪಿಂದ ಫಾಸ್ಟ್ ಟ್ರಾವೆಲ್, ಅಂದ್ರೆ ದೂರದ ಜಾಗಕ್ಕೆ ಕುದುರೆ ಓಡಿಸದೇ ನೇರ ಹೋಗೋದು, ಅದು ಕೂಡ ಕ್ಯಾಂಪಿಗೆ ಖರ್ಚು ಮಾಡಿದ ಮೇಲೇ ಸಿಗೋದು. ಎರಡನೇ ಚಾಪ್ಟರಲ್ಲಿ ಪುಟ್ಟ ಹುಡುಗ ಜ್ಯಾಕ್‌ನ ಮೀನು ಹಿಡಿಯೋಕೆ ಕರ್ಕೊಂಡು ಹೋಗೋ ಮಿಷನ್ ಇದೆ. ಬಾಡಿಗೆ ವಾರದಲ್ಲಿ ಅದನ್ನ ಗಡಿಯಾರ ನೋಡ್ತಾ ನೋಡ್ತಾ ಕಾಟಾಚಾರಕ್ಕೆ ಮುಗಿಸಿದ್ದೆ, ಮಾತೆಲ್ಲ ಸ್ಕಿಪ್. ಕೊಂಡ್ಕೊಂಡ ಮೇಲೆ ಅದೇ ಮಿಷನ್ ಆಡ್ದಾಗ ಕಂಡಿದ್ದು, ಮೀನು ಸಿಗೋತನಕ ಕಾಯೋಕಾಗ್ದೆ ಹುಡುಗ ಪಕ್ಕಕ್ಕೆ ಹೋಗಿ ಅಮ್ಮನಿಗೆ ಅಂತ ಹೂವು ಕಿತ್ತು ಹಾರ ಮಾಡ್ತಾ ಕೂರ್ತಾನೆ. ಆ ಕಥೆ ಮುಂದೆ ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾದ ಮೇಲೆ ಆ ಹಾರ ನನ್ನ ಕಣ್ಣಿಂದ ಹೋಗೇ ಇಲ್ಲ. ಇಂಥದ್ದನ್ನ ಎದ್ನೋ ಬಿದ್ನೋ ಅಂತ ಆಡಿದ್ರೆ ಆಡಿದ್ದೂ ಒಂದೇ ಬಿಟ್ಟಿದ್ದೂ ಒಂದೇ.

ಹಂಗಂತ ಬಾಡಿಗೆ ಬೇಡವೇ ಬೇಡ ಅಂತಿಲ್ಲ. 2020ರ ಸ್ಪೈಡರ್‌ಮ್ಯಾನ್ ಮೈಲ್ಸ್ ಮೊರಾಲೆಸ್ ತರದ ಗೇಮ್‌ನ ಕಥೆ ಎಂಟು ಗಂಟೆ ಆಸುಪಾಸಲ್ಲಿ ಮುಗಿಯುತ್ತೆ, ಶನಿವಾರ ಭಾನುವಾರ ಕೂತ್ರೆ ಆಯ್ತು, ಅದಕ್ಕೆ ಬಾಡಿಗೇನೇ ಸರಿ. ತಿಂಗಳ ಚಂದಾ ಸರ್ವಿಸ್ ಕೂಡ ಒಂಥರಾ ಬಾಡಿಗೆನೇ, ನಮ್ಮ ದಿನ ಮುಗಿಯದಿದ್ರೂ ಅವರು ಗೇಮ್ ತೆಗೀಬಹುದು. ಇದೇ ಗೇಮ್ 2020ರ ಮೇ ತಿಂಗಳಲ್ಲಿ ಎಕ್ಸ್‌ಬಾಕ್ಸ್ ಗೇಮ್ ಪಾಸ್‌ಗೆ ಬಂದು ಸೆಪ್ಟೆಂಬರಲ್ಲಿ ಹೋಯ್ತು, ನಾಲ್ಕೇ ತಿಂಗಳು.

ಸಂದೇಹ ಇದ್ರೆ ರಜೆ ಇರೋ ಎರಡು ದಿನಕ್ಕೆ ಮಾತ್ರ ಬಾಡಿಗೆಗೆ ತನ್ನಿ, ಹಿಮ ದಾಟಿ ಬಯಲಿಗೆ ಇಳಿದು ಒಂದು ಸಂಜೆ ಸುಮ್ನೆ ಕುದುರೆ ಮೇಲೆ ಸುತ್ತಾಡಿ. ಇದೇನಪ್ಪಾ ಇಷ್ಟು ನಿಧಾನ ಅನ್ನಿಸಿದ್ರೆ ವಾಪಸ್ ಕೊಟ್ಬಿಡಿ. ಇನ್ನೂ ಸ್ವಲ್ಪ ಸುತ್ತೋಣ ಅನ್ನಿಸಿದ್ರೆ ಕೊಂಡ್ಕೊಳ್ಳಿ, ಎಲ್ಲಿತನಕ ಆಡಿದೀವಿ ಅಂತ ಇಟ್ಕೊಳ್ಳೋ ಸೇವ್ ಫೈಲ್ ಕನ್ಸೋಲಲ್ಲೇ ಇರುತ್ತೆ, ಅಳಿಸದಿದ್ರೆ ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸ್ಬಹುದು. ಕೊಳ್ಳೋದಾದ್ರೆ ಡಿಸ್ಕೇ ಕೊಳ್ಳಿ, ಡಿಜಿಟಲ್ ತಗೊಂಡ್ರೆ ಮುಗಿದ ಮೇಲೆ ಯಾರಿಗೂ ಮಾರೋಕಾಗಲ್ಲ.

ನಾನು ಹಳೇ ಸೇವ್ ಬಿಟ್ಟು ಹೊಸದಾಗೇ ಶುರು ಮಾಡ್ದೆ, ಮುಗಿಸೋಕೆ ಎರಡೂವರೆ ತಿಂಗಳು ಹಿಡೀತು. ಡಿಸ್ಕ್ ಇನ್ನೂ ನನ್ನ ಹತ್ರಾನೇ ಇದೆ, ಮಾರೋ ಯೋಚನೆ ಇಲ್ಲ.