ಹಳದಿಯಿಂದ ಹಸಿರಿಗೆ: ಫಾಸ್ಫೇಟ್ ಅಳೆಯುವ ಒಂದು ಕಿಟ್

ಶಿವಮೊಗ್ಗದ ನಮ್ಮ ಕಾಲೇಜಿನ ಪ್ರಯೋಗಾಲಯಕ್ಕೆ ಲಿಪಿಡ್ ಫಾಸ್ಫಟೇಸ್ ಕಿಣ್ವಗಳ (ಲಿಪಿಡ್ ಎಂಬ ಕೊಬ್ಬಿನಂಥ ಅಣುಗಳಿಂದ ಫಾಸ್ಫೇಟ್ ಕಳಚುವ ಕಿಣ್ವಗಳ) ಚಟುವಟಿಕೆ ಅಳೆಯಲೆಂದು ತರಿಸಿದ, ಮ್ಯಾಲಕೈಟ್ ಗ್ರೀನ್ ಎಂಬ ಬಣ್ಣ ಬಳಸುವ ಕಿಟ್ಟನ್ನು ಇಡೀ ಮಳೆಗಾಲ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಪಿಟೆನ್ ಎಂಬ ಕಿಣ್ವವು ಜೀವಕೋಶದ ಪೊರೆಯಲ್ಲಿರುವ ಪಿಐಪಿ3 ಎಂಬ ಲಿಪಿಡ್ಡಿನ ಮೂರನೆಯ ಸ್ಥಾನದ ಫಾಸ್ಫೇಟನ್ನು ಕಳಚಿ, ಕೋಶದ ಬೆಳವಣಿಗೆಯ ಸಂಕೇತಕ್ಕೆ ಕಡಿವಾಣ ಹಾಕುತ್ತದೆ. 1997ರಲ್ಲಿ ಗುರುತಿಸಲಾದ ಇದರ ಜೀನ್ ಹಲವು ಬಗೆಯ ಕ್ಯಾನ್ಸರ್‌ಗಳಲ್ಲಿ ಕೆಟ್ಟಿರುತ್ತದೆ ಇಲ್ಲವೇ ಕಳೆದೇ ಹೋಗಿರುತ್ತದೆ. ಇನ್ನೊಂದು ಲಿಪಿಡ್ ಫಾಸ್ಫಟೇಸ್ ಆದ ಮಯೋಟ್ಯುಬುಲಾರಿನ್ ಕೆಟ್ಟರೆ ಗಂಡುಮಕ್ಕಳಿಗೆ ಹುಟ್ಟಿನಿಂದಲೇ ತೀವ್ರ ಸ್ನಾಯುದೌರ್ಬಲ್ಯ ಬರುತ್ತದೆ.

ಕಿಣ್ವ ಕಳಚಿದ ಫಾಸ್ಫೇಟನ್ನೇ ಈ ಕಿಟ್ ಹಿಡಿಯುತ್ತದೆ. ಹಳದಿ ದ್ರಾವಣ ಕೆಲವೇ ನಿಮಿಷಗಳಲ್ಲಿ ಎಳೆ ಅಡಿಕೆಯ ಹಸಿರಿಗೆ ತಿರುಗುವುದು ಬರಿಗಣ್ಣಿಗೇ ಕಾಣುತ್ತದೆ. 620 ನ್ಯಾನೋಮೀಟರ್ ಸುಮಾರಿನ ಬೆಳಕಿನಲ್ಲಿ ಅದರ ಗಾಢತೆಯನ್ನು ಅಳೆಯಬಹುದು. ಆದರೆ ಮೊದಲ ವಾರ ಕಿಣ್ವವನ್ನೇ ಹಾಕದ ನಳಿಕೆಯೂ ಹಸಿರಾಯಿತು! ಗಾಜಿನ ಸಾಮಾನು ತೊಳೆದ ಪುಡಿಯಲ್ಲಿದ್ದ ಫಾಸ್ಫೇಟೇ ಕಾರಣವೆಂದು ತಿಳಿಯುವಷ್ಟರಲ್ಲಿ ಅರ್ಧ ಬಾಟಲಿ ಖಾಲಿಯಾಗಿತ್ತು, ಆ ಎಚ್ಚರಿಕೆಯೋ ಕೈಪಿಡಿಯ ಕೊನೆಯ ಪುಟದ ಸಣ್ಣಕ್ಷರದಲ್ಲಿತ್ತು. ಜತೆಗೆ, ಫಾಸ್ಫೇಟನ್ನು ಯಾವ ಕಿಣ್ವ ಕಳಚಿತೆಂದು ಈ ಬಣ್ಣ ಹೇಳದಾದ್ದರಿಂದ ಶುದ್ಧೀಕರಿಸಿದ ಕಿಣ್ವವೇ ಬೇಕು. ನಮಗೆ ಬಂದ ಪೆಟ್ಟಿಗೆಯಲ್ಲಿ ಐಸ್ ಪೂರ್ತಿ ಕರಗಿತ್ತು. ಬೆಲೆಗೆ ತಕ್ಕ ಕಿಟ್ ಹೌದು, ಆದರೆ ಆಷಾಢದಲ್ಲಿ ತರಿಸಬೇಡಿ.