ಮೊದಲು ಅಳತೆ, ಆಮೇಲೆ ಬಿಚ್ಚುವುದು: ಹಳೆಯ ಅಂಬಾಸಿಡರಿನ ಚಾರ್ಜಿಂಗ್ ದೋಷ ಹಿಡಿದ ಕಲಾಸಿಪಾಳ್ಯದ ಅಂಗಡಿ

ಬೆಂಗಳೂರಿನ ಕಲಾಸಿಪಾಳ್ಯ ಮತ್ತು ಜೆ.ಸಿ. ರಸ್ತೆಯ ಆಸುಪಾಸಿನಲ್ಲಿ ಆಟೋ ಎಲೆಕ್ಟ್ರಿಷಿಯನ್ನರಿಗೆ ಬರವಿಲ್ಲ. ಆದರೆ ಡೈನಮೊ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಹಳೆಯ ಮಾದರಿಯ ಜನರೇಟರ್) ಇರುವ ಕಾರನ್ನು ಮುಂದೆ ನಿಲ್ಲಿಸಿದಾಗ ‘ಇದನ್ನು ಕಿತ್ತು ಆಲ್ಟರ್ನೇಟರ್ (ಈಗಿನ ಕಾರುಗಳಲ್ಲಿರುವ ಜನರೇಟರ್) ಹಾಕಿಸಿ’ ಎನ್ನದೆ, ಬಾನೆಟ್ ಎತ್ತಿ ಮೀಟರ್ ಕೈಗೆ ತೆಗೆದುಕೊಳ್ಳುವವರು ಅಲ್ಲಿಯೂ ಅಪರೂಪವೇ. ಈ ವಿಮರ್ಶೆ ಅಂಥ ಒಂದು ಅಂಗಡಿಯದು. ಅದಕ್ಕೆ ನಾಮಫಲಕವಿಲ್ಲ, ಬಾಗಿಲ ಪಕ್ಕದ ಗೋಡೆಗೆ ಸಾಲಾಗಿ ತೂಗುಹಾಕಿರುವ, ಡೈನಮೊದೊಳಗೆ ತಿರುಗುವ ತಂತಿ ಸುತ್ತಿದ ಭಾಗಗಳಾದ ಹಳೆಯ ಆರ್ಮೇಚರ್‌ಗಳೇ ಗುರುತು. ನಡೆಸುವ ಹಿರಿಯರನ್ನು ಸುತ್ತಲಿನ ಬಿಡಿಭಾಗದ ಅಂಗಡಿಯವರೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಾರೆ.

ನನ್ನದು ಮಾರ್ಕ್ 2 ಅಂಬಾಸಿಡರ್. ಲೂಕಾಸ್ ಮಾದರಿಯ ಡೈನಮೊ, ಜೊತೆಗೆ ಕಟೌಟ್ (ಡೈನಮೊವನ್ನು ಬ್ಯಾಟರಿಗೆ ಜೋಡಿಸುವ, ಬಿಡಿಸುವ ತಾನೇ ನಡೆಯುವ ಸ್ವಿಚ್) ಮತ್ತು ವೋಲ್ಟೇಜನ್ನು ಮಿತಿಯಲ್ಲಿಡುವ ವೋಲ್ಟೇಜ್ ರೆಗ್ಯುಲೇಟರ್ ಎರಡನ್ನೂ ಒಳಗೊಂಡ ಕಪ್ಪು ಮುಚ್ಚಳದ ಡಬ್ಬಿ ಅದರಲ್ಲಿವೆ. ದೂರದ ಪ್ರಯಾಣ ಮಾಡಿ ಬಂದ ಮರುದಿನವೂ ಸೆಲ್ಫ್ ಎಳೆಯದಷ್ಟು ಬ್ಯಾಟರಿ ಇಳಿದಿರುತ್ತಿತ್ತು. ಬೇರೊಂದು ಗ್ಯಾರೇಜಿನಲ್ಲಿ ಹೊಸ ಬ್ಯಾಟರಿ ಹಾಕಿದರು, ಡೈನಮೊ ಬಿಚ್ಚಿ ಕಾರ್ಬನ್ ಬ್ರಷ್ ಬದಲಿಸಿದರು, ಆದರೂ ದೋಷ ಹೋಗಲಿಲ್ಲ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ವೈರನ್ನು ಕಿತ್ತು ‘ಎಂಜಿನ್ ನಿಲ್ಲಲಿಲ್ಲ, ಚಾರ್ಜ್ ಆಗುತ್ತಿದೆ’ ಎಂದು ತೀರ್ಮಾನಿಸುವ ಪರೀಕ್ಷೆಯನ್ನೂ ಅಲ್ಲಿ ಮಾಡಿದರು. ಇದು ಯಾವ ಕಾರಿಗೂ ಒಳ್ಳೆಯದಲ್ಲ. ಆಲ್ಟರ್ನೇಟರ್ ಇರುವ ಕಾರಿನಲ್ಲಿ ಮಾಡಿದರೆ ಡಯೋಡುಗಳೇ ಸುಟ್ಟುಹೋಗಬಹುದು.

ಮೇಸ್ತ್ರಿಯವರು ಸ್ಪ್ಯಾನರ್ ಮುಟ್ಟುವ ಮೊದಲು ಕೇಳಿದ ಪ್ರಶ್ನೆ ಒಂದೇ: ಆಕ್ಸಿಲರೇಟರ್ ಒತ್ತಿದಾಗ ಡ್ಯಾಶ್‌ಬೋರ್ಡಿನ ಕೆಂಪು ದೀಪ ಏನು ಮಾಡುತ್ತದೆ? ಒಮ್ಮೆ ಮಂಕಾಗಿ ಆರಿದಂತೆ ಕಂಡು, ವೇಗ ಇನ್ನೂ ಹೆಚ್ಚಿದರೆ ಮತ್ತೆ ಹೊತ್ತಿಕೊಳ್ಳುತ್ತದೆ ಎಂದೆ. ಅರ್ಧ ರೋಗ ಅವರಿಗೆ ಅಲ್ಲೇ ಸಿಕ್ಕಿತ್ತು. ಈ ದೀಪದ ಒಂದು ತುದಿ ಬ್ಯಾಟರಿಯ ಕಡೆಗೆ, ಇನ್ನೊಂದು ತುದಿ ಡೈನಮೊದ ಕಡೆಗೆ ಇರುವುದರಿಂದ, ಎರಡೂ ಕಡೆ ವೋಲ್ಟೇಜ್ ಸಮನಾದಾಗ ಅದು ಆರುತ್ತದೆ. ಡೈನಮೊ ಬ್ಯಾಟರಿಯನ್ನು ಮೀರಿ ಮೇಲೇರಿದರೂ ಕಟೌಟ್ ಅವೆರಡನ್ನೂ ಜೋಡಿಸದೆ ಉಳಿದರೆ, ವ್ಯತ್ಯಾಸ ಈಗ ಎದುರು ದಿಕ್ಕಿನಲ್ಲಿ ಬೆಳೆದು ದೀಪ ಮತ್ತೆ ಹತ್ತುತ್ತದೆ. ಅಂದರೆ ಡೈನಮೊ ಉತ್ಪಾದಿಸುತ್ತಿದೆ, ಕಟೌಟ್ ಕೂಡುತ್ತಿಲ್ಲ. “ದುಡಿಮೆ ನಡೀತಿದೆ ಸಾರ್, ಕೂಲಿ ಮನೆಗೆ ಬರ್ತಿಲ್ಲ” ಎಂದಷ್ಟೇ ಹೇಳಿ ಅವರು ಕೆಲಸಕ್ಕಿಳಿದರು.

ಊಹೆ ಸರಿ ಎನಿಸಿದರೂ ಅವರು ಕ್ರಮ ತಪ್ಪಿಸಲಿಲ್ಲ. ಈ ಅಂಗಡಿಯಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಇದೇ. ಹೆಡ್‌ಲೈಟನ್ನು ಸ್ವಲ್ಪ ಹೊತ್ತು ಉರಿಸಿ ಬ್ಯಾಟರಿಯ ಮೇಲ್ಮಟ್ಟದ ಚಾರ್ಜನ್ನು ಇಳಿಸಿ, ದೀಪ ಆರಿಸಿ, ಆಮೇಲೆ ಅಳೆದರು: 12.2 ವೋಲ್ಟ್, ಅಂದರೆ ಸುಮಾರು ಅರ್ಧ ಚಾರ್ಜ್. ತುಂಬಿದ ಬ್ಯಾಟರಿಯಾದರೆ 12.6ರ ಮೇಲಿರಬೇಕು. ಬ್ಯಾಟರಿ ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಆರೂ ಸೆಲ್‌ಗಳು ಹೆಚ್ಚುಕಡಿಮೆ ಒಂದೇ ಅಂಕಿ ತೋರಿದ್ದರಿಂದ ಬ್ಯಾಟರಿ ಕೆಟ್ಟಿಲ್ಲ, ಹಸಿದಿದೆ ಎಂದಾಯಿತು. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಬಿಗಿ ಸರಿಯಿತ್ತು. ಬಳಿಕ ಡೈನಮೊದ ‘ಡಿ’ ಮತ್ತು ‘ಎಫ್’ ಟರ್ಮಿನಲ್‌ಗಳ ವೈರುಗಳನ್ನು ತೆಗೆದು, ಆ ಎರಡು ಟರ್ಮಿನಲ್ಲುಗಳನ್ನು ಒಂದು ತುಂಡು ವೈರಿನಿಂದ ಸೇರಿಸಿ, ಅಲ್ಲಿಂದ ಡೈನಮೊದ ಮೈಗೆ ಮೀಟರ್ ಹಿಡಿದು, ಎಂಜಿನ್ ವೇಗವನ್ನು ನಿಧಾನವಾಗಿ ಏರಿಸಿದರು. ಮುಳ್ಳು ಎಲ್ಲಿಯೂ ತಡವರಿಸದೆ 20 ವೋಲ್ಟ್ ಸಮೀಪಕ್ಕೆ ಹೋದ ಕೂಡಲೇ ಎಂಜಿನ್ ನಿಲ್ಲಿಸಿದರು. ಈ ಪರೀಕ್ಷೆಯಲ್ಲಿ ರೆಗ್ಯುಲೇಟರಿನ ಕಡಿವಾಣ ಇರುವುದಿಲ್ಲವಾದ್ದರಿಂದ ಎಂಜಿನನ್ನು ಜೋರಾಗಿ ಓಡಿಸಿದರೆ ಡೈನಮೊ ಕೆಡುತ್ತದೆ.

ಡೈನಮೊ ಸರಿಯಿದೆ ಎಂದಾಯಿತು, ಉಳಿದದ್ದು ಕಪ್ಪು ಡಬ್ಬಿ. ಅದರ ಪಾಯಿಂಟುಗಳಿಗೆ ಅರ ಹಚ್ಚಲು ಹೊರಟ ಹುಡುಗನನ್ನು ಮೇಸ್ತ್ರಿ ತಡೆದರು. ವೈರುಗಳನ್ನು ಮರಳಿ ಜೋಡಿಸಿ, ಎಂಜಿನ್ ಓಡುತ್ತಿರುವಾಗ ಡಬ್ಬಿಯ ‘ಇ’ ಟರ್ಮಿನಲ್ ಮತ್ತು ಬ್ಯಾಟರಿಯ ಅರ್ಥ್ ತುದಿಯ (ಕಾರಿನ ಮೈಗೆ ಜೋಡಿಸಿರುವ ತುದಿ) ನಡುವೆ ಅಳೆದರೆ, ಸೊನ್ನೆಗೆ ಅಂಟಿಕೊಂಡಿರಬೇಕಾದ ಮೀಟರ್ 2 ವೋಲ್ಟ್ ದಾಟಿತ್ತು. ಕಟೌಟಿನ ಸುರುಳಿಗೆ ಹರಿಯುವ ಕರೆಂಟು ಕಾರಿನ ಮೈಗೆ ಮರಳುವ ದಾರಿ ಈ ‘ಇ’ ವೈರೇ. ಒಂದು ಉದ್ದ ವೈರಿನಿಂದ ‘ಇ’ಯನ್ನು ನೇರವಾಗಿ ಬ್ಯಾಟರಿಯ ಅರ್ಥಿಗೆ ತಾಗಿಸಿದರು. ಡಬ್ಬಿಯೊಳಗೆ ಟಕ್ ಎಂದಿತು. ಕೆಂಪು ದೀಪ ಆರಿತು, ವೇಗ ಏರಿಸಿದರೂ ಹತ್ತಲಿಲ್ಲ. ಕಾರಿಗೆ ಹೊಸದಾಗಿ ಬಣ್ಣ ಹೊಡೆದಾಗ ಆ ವೈರಿನ ರಿಂಗ್ ಕೂರುವ ಜಾಗಕ್ಕೂ ಬಣ್ಣ ಬಿದ್ದು, ಸ್ಕ್ರೂವಿನ ಸುತ್ತ ತುಕ್ಕು ಹಿಡಿದಿತ್ತು. ಉಜ್ಜಿ ಲೋಹ ಕಾಣಿಸಿ, ಹೊಸ ರಿಂಗ್ ಬೆಸುಗೆ ಹಾಕಿ, ಮೇಲೆ ಸ್ವಲ್ಪ ಗ್ರೀಸ್ ಸವರಿದರು. ಪರೀಕ್ಷೆ, ದುರಸ್ತಿ ಎರಡೂ ಸೇರಿ 600 ರೂಪಾಯಿ. ಹಿಂದೆ ತೆತ್ತ ಬ್ಯಾಟರಿಯ ಬೆಲೆಯನ್ನು ಇಲ್ಲಿ ನೆನೆಯದಿರುವುದೇ ಲೇಸು.

ಕೊರತೆಗಳೂ ಇವೆ. ರಸೀದಿ ಕೊಡುವುದಿಲ್ಲ, ಮಾಡಿದ ಕೆಲಸಕ್ಕೆ ಬರಹದ ಗ್ಯಾರಂಟಿ ಇಲ್ಲ. ಕಾರು ನಿಲ್ಲಿಸಲು ಜಾಗವಿಲ್ಲದ ಕಾರಣ ಲಾರಿಗಳಿಂದ ಗಲ್ಲಿ ತುಂಬಿಕೊಳ್ಳುವ ಮೊದಲು, ಬೆಳಿಗ್ಗೆಯೇ ಹೋಗಬೇಕು. ಆರ್ಮೇಚರ್ ರೀವೈಂಡಿಂಗನ್ನು ಅವರು ಹೊರಗೆ ಕೊಟ್ಟು ಮಾಡಿಸುತ್ತಾರೆ, ಹೀಗಾಗಿ ಅದು ತಡವಾಗುತ್ತದೆ. ಬದಲಿ ಡೈನಮೊ ಹಾಕಿಸಿಕೊಳ್ಳುವವರು ಕಾರನ್ನು ಅಲ್ಲೇ ಬಿಟ್ಟು ಪೋಲರೈಸ್ ಮಾಡಿಸಿಯೇ (ಕಾರಿಗೆ ತಕ್ಕ ಧ್ರುವ ಹೊಂದಿಸಿಕೊಂಡೇ) ತರಬೇಕು. ಇಲ್ಲದಿದ್ದರೆ ಕಾರಿನ ಅರ್ಥಿಂಗಿಗೆ ತಕ್ಕ ಧ್ರುವ ಅದಕ್ಕೆ ಇರದಿರಬಹುದು, ಆಗ ಕಟೌಟ್ ಪಾಯಿಂಟುಗಳು ಸುಡುತ್ತವೆ.

ಇನ್ನೊಂದು ಮಾತನ್ನು ಮೇಸ್ತ್ರಿಯವರೇ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ: ಇಂಥ ಡೈನಮೊ ಚೆನ್ನಾಗಿದ್ದರೂ ಕೊಡುವುದು ಹೆಚ್ಚೆಂದರೆ 20 ಆಂಪಿಯರಿನ ಆಸುಪಾಸು, ಎಂಜಿನ್ ಐಡ್ಲಿಂಗಿನಲ್ಲಿರುವಾಗ ಬಹುತೇಕ ಏನೂ ಇಲ್ಲ. ರಾತ್ರಿಯ ಸಿಗ್ನಲ್‌ಗಳಲ್ಲಿ ಹ್ಯಾಲೊಜೆನ್ ದೀಪ, ಮ್ಯೂಸಿಕ್ ಸಿಸ್ಟಮ್, ಎಲೆಕ್ಟ್ರಿಕ್ ಫ್ಯಾನ್ ಎಲ್ಲವನ್ನೂ ಓಡಿಸುವ ಆಸೆಯಿದ್ದವರು ಈ ಅಂಗಡಿಗೆ ಬರಬೇಕಾಗಿಲ್ಲ. ಅವರಿಗೆ ಬೇಕಾಗಿರುವುದು ಆಲ್ಟರ್ನೇಟರೇ, ಅದನ್ನು ಕೂರಿಸುವ ಕೆಲಸವನ್ನು ಮೇಸ್ತ್ರಿ ಒಪ್ಪಿಕೊಳ್ಳುವುದಿಲ್ಲ.